ಹಾವಿನ ಗೂಡಿನ ಬಿಸಿ: ಕಾಸರಗೋಡಿಗೆ ಏನು, ಹೊಸೂರಿಗೆ ಏನು, ಸೊಲ್ಲಾಪುರಕ್ಕೆ ಏನು

ಹಾವು ಸಾಕಲು ಹೊರಟವರು ಮೊದಲು ಕೇಳುವುದು "ಯಾವ ಹೀಟರ್ ಒಳ್ಳೆಯದು?" ಎಂದು. ಕಾಸರಗೋಡಿನ ಕಡೆಯವರು ಕೇಳಿದರೆ ನಾನು ಹೇಳುವುದಿಷ್ಟು: ಮೊದಲು ಥರ್ಮಾಮೀಟರ್ ಕೊಳ್ಳಿ. ಹಾವು ಮನೆಗೆ ಬರುವ ಒಂದು ವಾರ ಮೊದಲೇ ಅದನ್ನು ಗೂಡು ಇಡಬೇಕೆಂದಿರುವ ಕೋಣೆಯಲ್ಲಿಟ್ಟು, ಮಧ್ಯಾಹ್ನ ಎಷ್ಟು, ಬೆಳಗಿನ ಜಾವ ಎಷ್ಟು ಎಂದು ಬರೆದಿಡಿ. ಹೀಟರ್ ಬೇಕೇ, ಬೇಕಾದರೆ ಎಷ್ಟು ವ್ಯಾಟಿನದು ಎಂಬುದನ್ನು ಆ ಬರಹವೇ ಹೇಳುತ್ತದೆ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬಾಲ್ ಪೈಥಾನ್, ಕಾರ್ನ್ ಸ್ನೇಕ್ ಎಂಬ ಹೊರದೇಶದ ಹಾವುಗಳನ್ನು ಸಾಕುವ ಬಗ್ಗೆ ಸಿಗುವ ಮಾಹಿತಿಯಲ್ಲಿ ಬಹುಪಾಲು ಚಳಿದೇಶದವರು ತಮ್ಮ ಮನೆಗಾಗಿ ಬರೆದುಕೊಂಡದ್ದು. ಅವರ ಕೋಣೆ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಬಿಸಿ ಸೇರಿಸುವುದೇ ಅವರ ಕೆಲಸ. ನಮ್ಮಲ್ಲಿ ಎಪ್ರಿಲ್ ಬಂತೆಂದರೆ ತಾರಸಿ ಮನೆಯ ಮಹಡಿ ಕೋಣೆ ಯಾವ ಹೀಟರೂ ಇಲ್ಲದೆ 34 ಡಿಗ್ರಿ ಮುಟ್ಟುತ್ತದೆ. ಅವರ ಪಟ್ಟಿ ನೋಡಿ ನೂರು ವ್ಯಾಟಿನ ಹೀಟರ್ ತಂದು ಆ ಕೋಣೆಯಲ್ಲಿ ಹಾಕಿದರೆ ಹಾವು ಬೆಂದು ಸಾಯುತ್ತದೆ.

ಕಾನೂನಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕೇರೆ, ನಾಗರ, ಹೆಬ್ಬಾವು, ಇಬ್ಬಾಯಿ ಹಾವು, ಹೀಗೆ ನಮ್ಮ ನೆಲದ ಯಾವ ಹಾವನ್ನೂ ಮನೆಯಲ್ಲಿಟ್ಟು ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಅಡಿಕೆ ತೋಟದಲ್ಲಿ ಹೆಬ್ಬಾವಿನ ಮರಿ ಸಿಕ್ಕಿದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಕೇರಳದಲ್ಲಿ ಅದಕ್ಕಾಗಿ ಇಲಾಖೆಯದೇ 'ಸರ್ಪ' ಎಂಬ ಆ್ಯಪ್ ಇದೆ. ಆಫ್ರಿಕದ ಬಾಲ್ ಪೈಥಾನ್, ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. 1972ರ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ನಂತರ ಅಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಲೇಬೇಕು. ಕಾಗದಪತ್ರ ತೋರಿಸದ ಮಾರಾಟಗಾರರಿಂದ ಹಾವು ತರಬೇಡಿ. ಮುಂದಿನ ಮಾತೆಲ್ಲ ಕಾನೂನಿನಂತೆ ಇಟ್ಟುಕೊಂಡ ಹೊರದೇಶದ ಹಾವುಗಳದು.

ಹಾವಿಗೆ ಬೇಕಾದದ್ದು

ಹಾವು ತನ್ನ ಮೈಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವ ಪ್ರಾಣಿಯಲ್ಲ. ಚಳಿಯಾದರೆ ಬಿಸಿ ಜಾಗಕ್ಕೆ, ಬಿಸಿಯಾದರೆ ತಂಪು ಜಾಗಕ್ಕೆ ಸರಿದುಕೊಂಡು ಬದುಕುತ್ತದೆ. ಹಾಗಾಗಿ ಗೂಡಿನಲ್ಲಿ ಒಂದು ಬಿಸಿ ಬದಿ, ಒಂದು ತಂಪು ಬದಿ ಎರಡೂ ಬೇಕು, ಎರಡೂ ಬದಿಯಲ್ಲಿ ಅವಿತುಕೊಳ್ಳಲು ಒಂದೊಂದು ಮರೆ ಬೇಕು. ಬಾಲ್ ಪೈಥಾನಿಗೆ ಬಿಸಿ ಜಾಗದ ನೆಲ 31ರಿಂದ 33 ಡಿಗ್ರಿ, ತಂಪು ಬದಿ 25ರಿಂದ 27. ರಾತ್ರಿ 24ಕ್ಕಿಂತ ಕೆಳಗಿಳಿಯದಿದ್ದರೆ ಒಳ್ಳೆಯದು. ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ್ದು, ಅದಕ್ಕೆ ಬಿಸಿ ಜಾಗ 29ರಿಂದ 32, ತಂಪು ಬದಿ 22ರಿಂದ 25 ಸಾಕು; ರಾತ್ರಿ 20ಕ್ಕೆ ಇಳಿದರೂ ತೊಂದರೆಯಿಲ್ಲ.

ಬಾಲ್ ಪೈಥಾನಿನ ಮೂಲ ಘಾನಾ, ಟೋಗೊ, ಬೆನಿನ್ ಕಡೆಯ ಪಶ್ಚಿಮ ಆಫ್ರಿಕ. ಅಲ್ಲಿಯೂ ಸೆಕೆ ಇದೆ ಎನ್ನುವುದು ನಿಜ. ಆದರೆ ಅಲ್ಲಿ ಅದು ಹಗಲೆಲ್ಲ ಇಲಿಬಿಲದಲ್ಲೋ ಹುತ್ತದಲ್ಲೋ ತಂಪಾಗಿ ಮಲಗಿರುತ್ತದೆ. ಗಾಜಿನ ಗೂಡಿನಲ್ಲಿ ಆ ಬಿಲವನ್ನು ನಾವು ಒದಗಿಸಬೇಕು. 33 ಡಿಗ್ರಿ ಎಂದರೆ ಗೂಡಿನ ಒಂದು ಮೂಲೆಯ ಬಿಸಿ. ಇಡೀ ಗೂಡು ಅಷ್ಟಾಗಿ ಗಂಟೆಗಟ್ಟಲೆ ನಿಂತರೆ ಹಾವು ಕಂಗೆಡುತ್ತದೆ, 37–38 ಮುಟ್ಟಿದರೆ ಜೀವಕ್ಕೇ ಅಪಾಯ.

ಅಳೆಯುವ ಸಾಮಾನು

ಅಂಗಡಿಯವರು ಗೂಡಿನ ಜೊತೆಗೆ ಕೊಡುವ ಮುಳ್ಳಿನ ದುಂಡು ಮೀಟರನ್ನು ತೆಗೆದು ಬದಿಗಿಡಿ. ಅದು ನಾಲ್ಕೈದು ಡಿಗ್ರಿ ತಪ್ಪು ತೋರಿಸುವುದು ಸಾಮಾನ್ಯ. ಸರಿಯಾಗಿಯೇ ತೋರಿಸಿದರೂ ಅಂಟಿಸುವುದು ಗಾಜಿನ ಗೋಡೆಗೆ, ಹಾವು ಇರುವುದು ನೆಲದಲ್ಲಿ. ಗೋಡೆಯ ನಡುವಿನ ಗಾಳಿ 28 ಇರುವಾಗ, ಗೂಡಿನ ಅಡಿಯಿಂದ ಬಿಸಿ ಕೊಡುವ ಹೀಟ್ ಮ್ಯಾಟಿನ ಮೇಲಿನ ನೆಲ 42 ಇರಬಹುದು.

ತಂತಿಯ ತುದಿಯಲ್ಲಿ ಪ್ರೋಬ್ (ಬಿಸಿ ಅಳೆಯುವ ಮೊನೆ) ಇರುವ ಸಣ್ಣ ಡಿಜಿಟಲ್ ಮೀಟರ್ ನನ್ನ ಮೊದಲ ಆಯ್ಕೆ. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಬಟನ್ ಸೆಲ್‌ನಲ್ಲಿ ನಡೆಯುತ್ತದೆ, ತಪ್ಪಿದರೂ ಒಂದು ಡಿಗ್ರಿಯ ಆಚೀಚೆ. ಎರಡು ಕೊಳ್ಳಿ: ಒಂದರ ಪ್ರೋಬ್ ಬಿಸಿ ಬದಿಯ ಮರೆಯೊಳಗೆ, ಹಾವಿನ ಹೊಟ್ಟೆ ತಾಗುವ ಎತ್ತರದಲ್ಲಿ, ಇನ್ನೊಂದರದು ತಂಪು ಬದಿಯ ಮರೆಯೊಳಗೆ. ಒಂದೇ ಕೊಳ್ಳಲು ಸಾಧ್ಯವಿದ್ದರೆ ಕಾಸರಗೋಡಿನವರು ಅದನ್ನು ತಂಪು ಬದಿಯಲ್ಲೇ ಇಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಇಲ್ಲಿನ ಹಾವಿಗೆ ಬೇಸಗೆಯಲ್ಲಿ ಕಾಣೆಯಾಗುವುದು ತಂಪು. ಗರಿಷ್ಠ–ಕನಿಷ್ಠ ನೆನಪಿಟ್ಟುಕೊಳ್ಳುವ ಮೀಟರಾದರೆ ಇನ್ನೂ ಉತ್ತಮ. ನೀವು ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನ ಎರಡು ಗಂಟೆಗೆ ಗೂಡಿನಲ್ಲಿ ಏನಾಗಿತ್ತು ಎಂದು ಸಂಜೆ ಬಂದು ನೋಡಬಹುದು.

ಇನ್ಫ್ರಾರೆಡ್ ಗನ್ ಗಾಳಿಯ ಬಿಸಿ ಹೇಳುವುದಿಲ್ಲ, ಎದುರಿಗಿರುವ ಮೇಲ್ಮೈಯದನ್ನು ಮಾತ್ರ ಹೇಳುತ್ತದೆ. ಹಾವು ಮಲಗುವ ಕಲ್ಲು, ಹಂಚಿನ ಚೂರು, ಮ್ಯಾಟಿನ ಮೇಲಿನ ನೆಲ ಇವನ್ನೆಲ್ಲ ಒಂದು ನಿಮಿಷದಲ್ಲಿ ಅಳೆದುಕೊಳ್ಳಲು ಇದಕ್ಕಿಂತ ಅನುಕೂಲದ್ದು ಬೇರೆ ಇಲ್ಲ. ಹೊರಗಿನಿಂದ ಗಾಜಿನ ಮೂಲಕ ಗುರಿಯಿಟ್ಟರೆ ಸಿಗುವುದು ಗಾಜಿನ ಬಿಸಿ, ಬಾಗಿಲು ತೆರೆದೇ ಅಳೆಯಬೇಕು. ಹೊಳೆಯುವ ಸ್ಟೀಲ್, ಅಲ್ಯೂಮಿನಿಯಂ ಮೇಲೆ ಅದರ ಲೆಕ್ಕ ನಂಬುವಂತಿಲ್ಲ. ಗನ್ ಮೇಲೆ 12:1 ಎಂದು ಬರೆದಿದ್ದರೆ ಹನ್ನೆರಡು ಇಂಚು ದೂರದಿಂದ ಒಂದು ಇಂಚು ಅಗಲದ ಜಾಗವನ್ನು ಅಳೆಯುತ್ತದೆ ಎಂದರ್ಥ. ದೂರ ಹೋದಷ್ಟೂ ಸುತ್ತಲಿನ ಜಾಗದ ಬಿಸಿಯೂ ಸೇರಿಕೊಳ್ಳುತ್ತದೆ. ಕೋವಿಡ್ ಸಮಯದಲ್ಲಿ ಕೊಂಡ ಹಣೆಯ ಗನ್ ಹಲವರ ಮನೆಯಲ್ಲಿದೆ. ಅದರಲ್ಲಿ 'ಸರ್ಫೇಸ್' ಮೋಡ್ ಇದ್ದರೆ ಬಳಸಬಹುದು. 'ಬಾಡಿ' ಮೋಡ್ ಮನುಷ್ಯನ ಹಣೆಗೆ ತಕ್ಕಂತೆ ಲೆಕ್ಕವನ್ನು ತಿದ್ದಿ ತೋರಿಸುವುದರಿಂದ ಗೂಡಿಗೆ ಪ್ರಯೋಜನವಿಲ್ಲ.

ಮೊಬೈಲಿಗೆ ಲೆಕ್ಕ ಕಳಿಸುವ ವೈಫೈ, ಬ್ಲೂಟೂತ್ ಸೆನ್ಸರುಗಳೂ ಈಗ ಸಿಗುತ್ತವೆ. ಮನೆಯಿಂದ ದೂರ ಕೆಲಸ ಮಾಡುವವರಿಗೆ ಉಪಯೋಗವುಂಟು, ಬ್ಲೂಟೂತಿನದಾದರೆ ಮನೆಯಲ್ಲಿರುವಾಗ ಮಾತ್ರ. ಸ್ವತಃ ಜೋಡಿಸಿಕೊಳ್ಳುವ ಎಲೆಕ್ಟ್ರಾನಿಕ್ಸ್ ಆಸಕ್ತಿಯವರು ಡಿಎಸ್18ಬಿ20 ಸೆನ್ಸರ್ ಆರಿಸಿಕೊಳ್ಳಿ, ಅದರ ತಪ್ಪು ಅರ್ಧ ಡಿಗ್ರಿಯೊಳಗೆ. ಅಗ್ಗದ ಡಿಎಚ್‌ಟಿ11 ಎರಡು ಡಿಗ್ರಿವರೆಗೂ ತಪ್ಪಬಹುದು, ಈ ಕೆಲಸಕ್ಕೆ ಬೇಡ.

ಯಾವುದನ್ನು ಕೊಂಡರೂ ಪರೀಕ್ಷಿಸದೆ ನಂಬಬೇಡಿ. ಒಂದು ಲೋಟಕ್ಕೆ ಪುಡಿ ಮಾಡಿದ ಐಸ್ ತುಂಬಿ, ಅದು ಮುಳುಗುವಷ್ಟೇ ನೀರು ಹಾಕಿ ಕಲಸಿ, ಪ್ರೋಬನ್ನು ನಡುವೆ ಇಳಿಸಿ ಎರಡು ಮೂರು ನಿಮಿಷ ಬಿಡಿ. ಸೊನ್ನೆ ತೋರಿಸಬೇಕು. ನಮಗೆ ಮುಖ್ಯವಾದದ್ದು ಸೊನ್ನೆಗಿಂತ 30ರ ಮೇಲಿನ ಅಳತೆ, ಆದ್ದರಿಂದ ಉಗುರುಬೆಚ್ಚಗಿನ ನೀರಿನಲ್ಲಿ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರನ್ನೂ ಪ್ರೋಬನ್ನೂ ಒಟ್ಟಿಗೆ ಇಟ್ಟು ಹೋಲಿಸಿ. ಜ್ವರದ ಮೀಟರ್ 37ರ ಸುತ್ತ ನಿಖರವಾಗಿರುವಂತೆ ಮಾಡಿದ್ದು. ಪ್ರೋಬ್ ಒಂದು ಡಿಗ್ರಿ ಹೆಚ್ಚು ತೋರಿಸಿದರೆ ಚೀಟಿಯಲ್ಲಿ ಬರೆದು ಮೀಟರಿಗೇ ಅಂಟಿಸಿ.

ಬಿಸಿ ಕೊಡುವ ಸಾಮಾನು

ಹೀಟ್ ಮ್ಯಾಟ್ ಗೂಡಿನ ತಳಕ್ಕೆ ಅಂಟಿಸುವ ತೆಳ್ಳಗಿನ ಹಾಳೆ. ನೆಲವನ್ನು ಬಿಸಿ ಮಾಡುತ್ತದೆ, ಗಾಳಿಯನ್ನು ಹೆಚ್ಚು ಬಿಸಿ ಮಾಡುವುದಿಲ್ಲ. ಕರೆಂಟು ಕಡಿಮೆ, ಇಪ್ಪತ್ತು ವ್ಯಾಟಿನದನ್ನು ಮನೆಯ ಇನ್ವರ್ಟರ್ ಸಲೀಸಾಗಿ ಹೊರುತ್ತದೆ. ಕಾಸರಗೋಡಿನ ಮಳೆಗಾಲದಲ್ಲಿ ಕೋಣೆ 25–27 ಇರುವಾಗ ಒಂದು ಮೂಲೆಯನ್ನು ಐದಾರು ಡಿಗ್ರಿ ಏರಿಸಬೇಕು, ಅದಕ್ಕೆ ಮ್ಯಾಟ್ ಧಾರಾಳವಾಗಿ ಸಾಕು. ನೆಲದ ಮೂರರಲ್ಲಿ ಒಂದು ಪಾಲು ಮಾತ್ರ ಮ್ಯಾಟ್ ಇರಲಿ. ಗಾಜಿನ ಗೂಡಾದರೆ ಅಡಿಯಲ್ಲಿ ಸಣ್ಣ ಗುಬ್ಬಿಗಳನ್ನಿಟ್ಟು ಗಾಳಿ ಆಡುವಂತೆ ಎತ್ತಿಡಿ, ಇಲ್ಲವಾದರೆ ಬಿಸಿ ಸಿಕ್ಕಿಹಾಕಿಕೊಂಡು ಗಾಜು ಸೀಳಬಹುದು. ಪ್ಲೈವುಡ್ ಗೂಡಿನ ಅಡಿಗೆ ಮ್ಯಾಟ್ ಹಾಕಬೇಡಿ. ಮರ ಬಿಸಿಯನ್ನು ಒಳಗೆ ಬಿಡುವುದಿಲ್ಲ, ಅಡಿಯಲ್ಲಿ ಕಾವು ಏರಿ ಬೆಂಕಿಯ ಭಯ.

ತೆಂಗಿನ ನಾರಿನ ಹುಡಿಯನ್ನು ಮೂರು ಇಂಚು ದಪ್ಪ ಹಾಸಿ, ಮೇಲೆ ಕೈಯಿಟ್ಟು "ಬಿಸಿಯೇ ಇಲ್ಲ" ಎಂದು ಮ್ಯಾಟಿನ ಕಾವು ಏರಿಸುವವರಿದ್ದಾರೆ. ಹಾವು ರಾತ್ರಿ ಹುಡಿಯನ್ನು ಬಗೆದು ನೇರ ಗಾಜಿಗೆ ಹೊಟ್ಟೆಯೊತ್ತಿ ಮಲಗುತ್ತದೆ. ಹೊಟ್ಟೆ ಸುಡುತ್ತಿದ್ದರೂ ಹಾವು ಎದ್ದು ಹೋಗುತ್ತದೆ ಎಂಬ ಭರವಸೆಯಿಲ್ಲ, ಸುಟ್ಟ ಚರ್ಮ ಮಾಯಲು ತಿಂಗಳುಗಳೇ ಬೇಕು. ಹುಡಿಯ ಅಡಿಯ ಗಾಜು ಎಷ್ಟಿದೆ ಎಂದು ಅಳೆದೇ ಕಾವು ನಿಗದಿ ಮಾಡಿ.

ಸೆರಾಮಿಕ್ ಹೀಟರ್ ಬಲ್ಬಿನ ಆಕಾರದ್ದು, ಬೆಳಕಿಲ್ಲ, ಮೇಲಿನಿಂದ ಬಿಸಿ ಕೊಡುತ್ತದೆ, ಗಾಳಿಯನ್ನೂ ಬೆಚ್ಚಗಾಗಿಸುತ್ತದೆ. ಪ್ಲಾಸ್ಟಿಕ್ ಹೋಲ್ಡರ್ ಕರಗುವುದರಿಂದ ಪಿಂಗಾಣಿ ಹೋಲ್ಡರೇ ಬೇಕು. ಹಾವು ಸುತ್ತಿಕೊಳ್ಳದಂತೆ ಸುತ್ತ ತಂತಿಬಲೆಯ ಪಂಜರವೂ ಬೇಕು. ಹೊಸೂರಿನವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು ಅದು, ಡಿಸೆಂಬರ್–ಜನವರಿ ರಾತ್ರಿಗಳಲ್ಲಿ ಗಾಳಿಯೇ ತಣ್ಣಗಾದಾಗ ಮ್ಯಾಟ್ ಒಂದೇ ಬಾಲ್ ಪೈಥಾನಿಗೆ ಸಾಲದು. ತಾಳವಾಡಿಯ ಕಡೆಯವರಿಗೂ ಇದೇ ಮಾತು. ಇದೇ ಊರುಗಳಲ್ಲಿ ಕಾರ್ನ್ ಸ್ನೇಕ್ ಸಾಕುವವರಿಗೆ ಮ್ಯಾಟ್ ಮತ್ತು ಮುಚ್ಚಿದ ಗೂಡು ಸಾಕಾಗುತ್ತದೆ. ಮೇಲೆ ಜಾಲರಿ ಇರುವ ಗಾಜಿನ ಗೂಡು ಚಳಿಯೂರಿನಲ್ಲಿ ಬಿಸಿಯನ್ನೆಲ್ಲ ಬಿಟ್ಟುಕೊಡುತ್ತದೆ. ಅದೇ ಗೂಡು ಕಾಸರಗೋಡಿನಲ್ಲಿ ಒಳ್ಳೆಯದು, ಇಲ್ಲಿ ಪ್ಲೈವುಡ್ ಗೂಡು ಜೂನ್ ತಿಂಗಳಲ್ಲಿ ಉಬ್ಬಿ ಬೂಸ್ಟು ಹಿಡಿಯುತ್ತದೆ.

ಸೆರಾಮಿಕ್ ಹೀಟರಿನ ಇನ್ನೊಂದು ಗುಣ ಗಾಳಿಯನ್ನು ಒಣಗಿಸುವುದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಚಳಿಗಾಲದ ಒಣಹವೆಗೆ ಅದೊಂದು ತೊಂದರೆ. ಬಾಲ್ ಪೈಥಾನಿಗೆ ಸುಮಾರು 60 ಶೇಕಡಾ ತೇವ ಬೇಕು, ಇಲ್ಲವಾದರೆ ಪೊರೆ ತುಂಡುತುಂಡಾಗಿ ಮೈಗೆ ಅಂಟಿಕೊಳ್ಳುತ್ತದೆ. ಅಲ್ಲಿನವರು ಒದ್ದೆ ಪಾಚಿ ತುಂಬಿದ ಮುಚ್ಚಿದ ಡಬ್ಬಿಯೊಂದನ್ನು ಗೂಡಿನೊಳಗೆ ಇಡಬೇಕು. ಕಾಸರಗೋಡಿನ ಜುಲೈಯಲ್ಲಿ ಇದೇ ಗುಣ ಸಹಾಯಕ್ಕೆ ಬರುತ್ತದೆ. ಹೊರಗೆ ತೇವ 90 ಶೇಕಡಾ, ಹಾಸು ಒಣಗುವುದೇ ಇಲ್ಲ, ಒದ್ದೆಯಲ್ಲೇ ಮಲಗಿದ ಹಾವಿನ ಹೊಟ್ಟೆಯ ಪೊರೆಚಿಪ್ಪು ಕೊಳೆಯತೊಡಗುತ್ತದೆ. ದಿನಕ್ಕೆ ಕೆಲವು ಗಂಟೆ ಸಣ್ಣ ಸೆರಾಮಿಕ್ ಹೀಟರ್ ಉರಿದರೆ ಗೂಡು ಒಣಗುತ್ತದೆ.

ಹ್ಯಾಲೊಜೆನ್ ಬಲ್ಬಿನ ಬಿಸಿ ಸೂರ್ಯನದಕ್ಕೆ ಹತ್ತಿರದ್ದು, ಚರ್ಮದೊಳಕ್ಕೆ ಇಳಿಯುತ್ತದೆ, ಹಗಲಿಗೆ ಚೆನ್ನ. ರಾತ್ರಿ ಬೆಳಕು ಕೊಡುವ ಯಾವ ಬಲ್ಬೂ ಬೇಡ, ಕೆಂಪು ಬಲ್ಬೂ ಬೇಡ. ಕರೆಂಟಿನ ಬಿಸಿಕಲ್ಲುಗಳನ್ನು ಕೊಳ್ಳಲೇಬೇಡಿ, ಒಂದೇ ಕಡೆ ವಿಪರೀತ ಕಾದು ಹಾವನ್ನು ಸುಡುತ್ತವೆ.

ಥರ್ಮೋಸ್ಟಾಟ್

ಹೀಟರ್ ಯಾವುದೇ ಇರಲಿ, ಥರ್ಮೋಸ್ಟಾಟ್, ಅಂದರೆ ಬೇಕಾದಷ್ಟು ಬಿಸಿಯಾದ ಕೂಡಲೇ ಹೀಟರನ್ನು ತಾನೇ ತಡೆಯುವ ಸಾಧನ, ಇಲ್ಲದೆ ಪ್ಲಗ್ ಹಾಕಬಾರದು. ನಮ್ಮ ಕಡೆ ಸುಲಭವಾಗಿ ಸಿಗುವುದು ಕೋಳಿಮೊಟ್ಟೆಯ ಇನ್‌ಕ್ಯುಬೇಟರಿಗೆ ಹಾಕುವ ಥರ್ಮೋಸ್ಟಾಟ್. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಎಕ್ಸ್‌ಎಚ್-ಡಬ್ಲ್ಯು3001 ಎಂದು ಕೇಳಿದರೆ ಕೊಡುತ್ತಾರೆ. 12, 24, 220 ವೋಲ್ಟಿನ ಬೇರೆ ಬೇರೆ ಮಾದರಿಗಳಿವೆ, ಮನೆಯ ಕರೆಂಟಿಗೆ 220ರದೇ ಬೇಕು. ಹೆಚ್ಚಿನದೆಂದರೆ ಎಸ್‌ಟಿಸಿ-1000, ಇದರಲ್ಲಿ ಬಿಸಿಗೊಂದು, ತಂಪಿಗೊಂದು ಎರಡು ರಿಲೇ (ತಾನಾಗಿ ಆನ್–ಆಫ್ ಆಗುವ ಸ್ವಿಚ್) ಇವೆ. ನಮ್ಮ ಹವೆಗೆ ಇದೇ ಹೆಚ್ಚು ಉಪಯೋಗ, ಏಕೆಂದರೆ ಎರಡನೆಯ ರಿಲೇಗೆ ಅಲಾರಂ ಆಗಲಿ ಗಾಳಿ ಹೊರಹಾಕುವ ಸಣ್ಣ ಫ್ಯಾನ್ ಆಗಲಿ ಜೋಡಿಸಬಹುದು. ತಂತಿ ಜೋಡಣೆಯನ್ನು ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಯಾರದೋ ಹಳೆಯ ಇನ್‌ಕ್ಯುಬೇಟರಿನಿಂದ ಬಿಚ್ಚಿ ತಂದದ್ದಾದರೆ ಒಳಗೆ 37.5 ಡಿಗ್ರಿಯ ಸೆಟ್ಟಿಂಗ್ ಹಾಗೇ ಕೂತಿರುತ್ತದೆ, ಮೊಟ್ಟೆಗೆ ಬೇಕಾದದ್ದು ಅದು. ಹಾವಿನ ಗೂಡಿಗೆ ಜೋಡಿಸುವ ಮೊದಲು ಅದನ್ನು ಬದಲಿಸಿ.

ಈ ಎರಡೂ ಆನ್–ಆಫ್ ಬಗೆಯವು. ಮ್ಯಾಟಿಗೂ ಸೆರಾಮಿಕ್ ಹೀಟರಿಗೂ ನಡೆಯುತ್ತದೆ. ಹ್ಯಾಲೊಜೆನ್ ಬಲ್ಬಿಗೆ ಮಾತ್ರ ಕರೆಂಟನ್ನು ಮೆಲ್ಲಗೆ ಏರಿಸಿ ಇಳಿಸುವ ಡಿಮ್ಮಿಂಗ್ ಥರ್ಮೋಸ್ಟಾಟ್ ಬೇಕು. ಆನ್–ಆಫಿನದಾದರೆ ಬಲ್ಬು ಹೊತ್ತಿ ಆರಿ ಹಾವಿಗೆ ಕಿರಿಕಿರಿ, ಬಲ್ಬೂ ಬೇಗ ಹೋಗುತ್ತದೆ.

ಥರ್ಮೋಸ್ಟಾಟ್ ಕೆಡುವ ರೀತಿ ತಿಳಿದಿರಲಿ. ಅಗ್ಗದ ರಿಲೇಯ ಸಂಪರ್ಕಗಳು ಕಾದು ಅಂಟಿಕೊಂಡರೆ ಹೀಟರ್ ನಿಲ್ಲುವುದೇ ಇಲ್ಲ. ಹಾವು ಪ್ರೋಬನ್ನು ಎಳೆದು ತಂಪು ಬದಿಗೆ ಹಾಕಿದರೂ ಅದೇ ಗತಿ: ಪ್ರೋಬಿಗೆ ತಂಪೇ ಕಾಣುತ್ತದೆ, ಹೀಟರ್ ಉರಿಯುತ್ತಲೇ ಇರುತ್ತದೆ. ಆದ್ದರಿಂದ ಪ್ರೋಬನ್ನು ಗಟ್ಟಿಯಾಗಿ ಬಿಗಿಯಿರಿ. ಹೀಟರಿನ ವ್ಯಾಟ್ ಆರಿಸುವಾಗ, ಥರ್ಮೋಸ್ಟಾಟ್ ಕೆಟ್ಟು ಇಡೀ ದಿನ ಉರಿದರೂ ತಂಪು ಬದಿ 32 ದಾಟದಷ್ಟು ಸಣ್ಣದನ್ನೇ ಆರಿಸಿ. ನೂರು ವ್ಯಾಟಿಗಿಂತ ನಲವತ್ತು ವ್ಯಾಟ್ ನಿಧಾನ, ಅದರ ಬೆಲೆ ಇರುವುದೂ ಆ ನಿಧಾನದಲ್ಲೇ. ಇನ್ನೊಂದು: ಕೊಂಡ ದಿನವೇ ಪ್ಲಗ್ ಕಿತ್ತು ಮತ್ತೆ ಹಾಕಿ ಸೆಟ್ಟಿಂಗ್ ಉಳಿದಿದೆಯೇ ನೋಡಿ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬರುವ ಊರಿನಲ್ಲಿ ಉಳಿಸಿಕೊಳ್ಳದ ಥರ್ಮೋಸ್ಟಾಟ್ ಕೆಲಸಕ್ಕೆ ಬಾರದು. ತುಲಾವರ್ಷದ (ಅಕ್ಟೋಬರ್–ನವೆಂಬರಿನ ಮಳೆಯ) ಸಂಜೆಗಳಲ್ಲಿ ಗುಡುಗು ಶುರುವಾದ ಕೂಡಲೇ ಪ್ಲಗ್ ಕೀಳಿ, ಗಂಟೆಗಟ್ಟಲೆ ಮ್ಯಾಟ್ ಇಲ್ಲದಿದ್ದರೂ ಹಾವಿಗೆ ಏನೂ ಆಗುವುದಿಲ್ಲ.

ತಂಪು ಮಾಡುವುದು

ಮಾರ್ಚಿಯಿಂದ ಮೇ ಕೊನೆಯವರೆಗೆ ನಮ್ಮೆಲ್ಲರ ದೊಡ್ಡ ಕೆಲಸ ಇದು. ಸಾಮಾನು ಕೊಳ್ಳುವ ಮೊದಲು ಜಾಗ ಬದಲಿಸಿ. ಕಾಸರಗೋಡಿನ ಹಂಚಿನ ಮನೆಯಾದರೆ ಕೆಂಪುಕಲ್ಲಿನ ದಪ್ಪ ಗೋಡೆಯ ಒಳಕೋಣೆ, ಕಾವಿ ನೆಲದ ಮೇಲೆಯೇ ಗೂಡು. ಮೇಜಿನ ಎತ್ತರಕ್ಕೂ ನೆಲಕ್ಕೂ ಒಂದೆರಡು ಡಿಗ್ರಿ ವ್ಯತ್ಯಾಸ ಬರುವುದನ್ನು ನಿಮ್ಮ ಮೀಟರೇ ತೋರಿಸುತ್ತದೆ. ತಾರಸಿಯ ಕೆಳಗಿನ ಮಹಡಿ ಕೋಣೆ ಬೇಡವೇ ಬೇಡ, ಹಗಲು ಕಾದ ಕಾಂಕ್ರೀಟು ಮಧ್ಯರಾತ್ರಿಯವರೆಗೂ ಕಾವು ಬಿಡುತ್ತಿರುತ್ತದೆ. ಸೊಲ್ಲಾಪುರದ ಕಡೆ ಹಳೆಯ ಮಾಳಿಗೆ ಮನೆಯ ನಡುಮನೆ ಸಿಕ್ಕರೆ ಪತ್ರಾಸಿನ (ತಗಡಿನ) ಕೋಣೆಗಿಂತ ಎಷ್ಟೋ ಮೇಲು.

ಫ್ಯಾನ್ ಹಾಕಿದರೆ ಹಾವಿಗೆ ತಂಪಾಗುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ನಮಗೆ ಫ್ಯಾನಿನಿಂದ ತಂಪೆನಿಸುವುದು ಬೆವರು ಆರುವುದರಿಂದ. ಹಾವು ಬೆವರುವುದಿಲ್ಲ. 35 ಡಿಗ್ರಿಯ ಕೋಣೆಯಲ್ಲಿ ಫ್ಯಾನ್ ಎಷ್ಟು ತಿರುಗಿದರೂ ಗೂಡಿಗೆ ಸಿಗುವುದು 35 ಡಿಗ್ರಿಯ ಗಾಳಿಯೇ.

ಏರ್ ಕೂಲರ್ ವಿಷಯದಲ್ಲಿ ಊರಿಂದೂರಿಗೆ ಉತ್ತರ ಪೂರ್ತಿ ಬದಲಾಗುತ್ತದೆ. ನೀರು ಆವಿಯಾಗುವಾಗ ಬಿಸಿ ಹೀರುವುದರಿಂದ ಕೂಲರ್ ನಡೆಯುತ್ತದೆ, ಆವಿಯಾಗಲು ಗಾಳಿ ಒಣಗಿರಬೇಕು. ಹೊರಗೆ 40 ಡಿಗ್ರಿ, ತೇವ 20 ಶೇಕಡಾ ಇರುವ ಸೊಲ್ಲಾಪುರದ ಮೇ ಮಧ್ಯಾಹ್ನ ಆವಿಯಿಂದ ಗಾಳಿ 23ರ ಹತ್ತಿರದವರೆಗೂ ಇಳಿಯಲು ಅವಕಾಶವಿದೆ. ಮನೆಯ ಕೂಲರ್ ಅಷ್ಟು ಇಳಿಸದಿದ್ದರೂ ಕೋಣೆಯನ್ನು ಮೂವತ್ತರೊಳಗೆ ತರಬಲ್ಲದು. ಅನಂತಪುರ, ರಾಯದುರ್ಗ, ಆದೋನಿಯಲ್ಲೂ ಹೀಗೆಯೇ. ಒದ್ದೆ ಮಾಡಿದ ಮಣ್ಣಿನ ಮಡಕೆಯ ಮರೆಯೂ ಅಲ್ಲಿ ಕೆಲಸ ಮಾಡುತ್ತದೆ. ಕಾಸರಗೋಡಿನಲ್ಲಿ 33 ಡಿಗ್ರಿ, ತೇವ 75 ಶೇಕಡಾ ಇರುವಾಗ ಆ ಮಿತಿ 29ರಷ್ಟಿರುತ್ತದೆ. ಕೂಲರ್ ಹಾಕಿದರೆ ಕೋಣೆ ಒಂದೆರಡು ಡಿಗ್ರಿ ಇಳಿದು, ತೇವ ಮಾತ್ರ ತುಂಬಿ, ಗೂಡು ಬೂಸ್ಟು ಹಿಡಿಯುತ್ತದೆ. ಇಲ್ಲಿ ಕೂಲರಿಗೆ ದುಡ್ಡು ಹಾಕಬೇಡಿ, ಗೂಡಿಗೆ ನೀರು ಸಿಂಪಡಿಸಿ ತಂಪು ಮಾಡಲೂ ಹೋಗಬೇಡಿ. ಎಸಿ ಇದ್ದರೆ 27–28ಕ್ಕಿಟ್ಟರೆ ಸಾಕು. ಎಸಿ ಇಲ್ಲದವರು ಫ್ರಿಜ್ಜಿನಲ್ಲಿ ಗಟ್ಟಿಯಾದ ನೀರಿನ ಬಾಟಲಿಯನ್ನು ಬೈರಾಸಿನಲ್ಲಿ ಸುತ್ತಿ ತಂಪು ಬದಿಯ ಜಾಲರಿಯ ಮೇಲಿಡಿ. ತಣ್ಣಗಿನ ಗಾಳಿ ತಾನಾಗಿ ಕೆಳಗಿಳಿಯುತ್ತದೆ. ಬಾಟಲಿ ಹಾವಿಗೆ ತಾಗಬಾರದು.

ಯಾವ ಊರಿಗೆ ಯಾವುದು

ಕಾಸರಗೋಡು, ಮಂಜೇಶ್ವರದಲ್ಲಿ ನಾನು ಆರಿಸುವುದು ಪ್ರೋಬ್ ಮೀಟರ್ ಎರಡು, ಎಸ್‌ಟಿಸಿ-1000, ಸಣ್ಣ ಮ್ಯಾಟ್, ಜಾಲರಿ ಮುಚ್ಚಳದ ಗೂಡು. ಬೇಸಗೆ ಮೂರು ತಿಂಗಳು ಮ್ಯಾಟ್ ಬಹುಮಟ್ಟಿಗೆ ಆಫ್ ಆಗಿಯೇ ಇರುತ್ತದೆ, ಅದು ಸರಿಯೇ. ಹೊಸೂರಿಗೆ ಮುಚ್ಚಿದ ಗೂಡು, ಸೆರಾಮಿಕ್ ಹೀಟರ್, ಪ್ರೋಬ್ ಮೀಟರ್. ದುಡ್ಡು ಉಳಿದರೆ ಇನ್ಫ್ರಾರೆಡ್ ಗನ್. ಸೊಲ್ಲಾಪುರ, ಜತ್ತ, ಆದೋನಿಯವರಿಗೆ ಚಳಿಗೂ ಬಿಸಿಲಿಗೂ ಎರಡಕ್ಕೂ ಸಿದ್ಧತೆ ಬೇಕಾದ್ದರಿಂದ ಗರಿಷ್ಠ–ಕನಿಷ್ಠ ಮೀಟರ್, ಕೂಲರ್, ಚಳಿಗಾಲಕ್ಕೆ ಮ್ಯಾಟ್. ಈ ಮೂರರಲ್ಲಿ ಯಾವುದೇ ಊರಿನವರು ಹೊಸಬರಾದರೆ ಕಾರ್ನ್ ಸ್ನೇಕ್ ಆರಿಸಿ, ಬಿಸಿ ಏರಿಳಿತವನ್ನು ಅದು ಬಾಲ್ ಪೈಥಾನಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ.

ಮಳೆಗಾಲದಲ್ಲಿ ಎರಡು ದಿನ ಕರೆಂಟಿಲ್ಲದಿದ್ದರೆ ಗಾಬರಿ ಬೇಡ. ಆರೋಗ್ಯದ ದೊಡ್ಡ ಹಾವು 23–24 ಡಿಗ್ರಿಯಲ್ಲಿ ಅಷ್ಟು ದಿನ ಕಳೆಯುತ್ತದೆ. ಆದರೆ ಆಗ ಊಟ ಕೊಡಬೇಡಿ. ಚಳಿಯಲ್ಲಿ ಜೀರ್ಣವಾಗದೆ ಹಾವು ನುಂಗಿದ್ದನ್ನು ಕಕ್ಕುತ್ತದೆ. ಕರೆಂಟು ಬಂದು ಗೂಡು ಬೆಚ್ಚಗಾಗಿ ಒಂದು ದಿನ ಕಳೆದ ಮೇಲೆ ಕೊಡಿ. ಬೇಸಗೆಯಲ್ಲಿ, ಮುಚ್ಚಿದ ಫ್ಲ್ಯಾಟಿನಲ್ಲಿ, ನಡುಹಗಲು ಕರೆಂಟು ಹೋಗುವುದು ಇದಕ್ಕಿಂತ ಅಪಾಯದ್ದು.

ಹಾವು ನೀರಿನ ಬಟ್ಟಲಿನಲ್ಲೇ ದಿನವಿಡೀ ಮಲಗಿದರೆ, ನಿಲ್ಲದೆ ಗಾಜಿಗೆ ಮೂತಿ ಉಜ್ಜುತ್ತಿದ್ದರೆ, ಬಾಯಿ ತೆರೆದು ಉಸಿರಾಡಿದರೆ ಮೊದಲು ತಂಪು ಬದಿಯ ಮೀಟರ್ ನೋಡಿ. ಬಿಸಿ ಏರಿದ್ದರೆ ಹೀಟರ್ ತೆಗೆದು, ಹಾವನ್ನು ಬಟ್ಟೆಯ ಚೀಲದಲ್ಲಿ 25–26 ಡಿಗ್ರಿಯ ಕೋಣೆಗೆ ಒಯ್ಯಿರಿ. ಆಮೇಲೆ ಕೋಣೆಯ ಬಿಸಿಯಲ್ಲೇ ಇರುವ ನೀರನ್ನು ಅಗಲ ಪಾತ್ರೆಯಲ್ಲಿ, ತಲೆ ಮೇಲಿರುವಷ್ಟು ಮಾತ್ರ ತುಂಬಿ, ಪಕ್ಕದಲ್ಲೇ ಕೂತು ಅದರಲ್ಲಿ ಬಿಡಿ. ಐಸ್ ನೀರು ಹಾಕಬೇಡಿ, ಮೈ ಒಮ್ಮೆಗೇ ತಣ್ಣಗಾದರೆ ಇನ್ನೊಂದು ಆಘಾತ. ತಲೆ ಓಲಾಡುವುದು, ಮಗುಚಿ ಬಿದ್ದರೆ ತಿರುಗಿಕೊಳ್ಳಲಾಗದಿರುವುದು ಕಂಡರೆ ನರಕ್ಕೆ ಪೆಟ್ಟಾಗಿದೆ ಎಂದು ತಿಳಿದು ಅಂದೇ ಪಶುವೈದ್ಯರಿಗೆ ತೋರಿಸಿ. ಉರಗಗಳನ್ನು ನೋಡುವ ವೈದ್ಯರು ಎಲ್ಲ ಊರಿನಲ್ಲೂ ಇಲ್ಲ. ಕಾಸರಗೋಡಿನವರು ಮಂಗಳೂರು ಅಥವಾ ಕಣ್ಣೂರಿನ ಕಡೆ, ಹೊಸೂರಿನವರು ಬೆಂಗಳೂರಿನಲ್ಲಿ ವಿಚಾರಿಸಿ, ಯಾರು ನೋಡುತ್ತಾರೆಂದು ಹಾವು ತರುವ ಮೊದಲೇ ಕೇಳಿಟ್ಟುಕೊಂಡಿರಿ. ಹೋಗುವಾಗ ಆ ದಿನದ ಗರಿಷ್ಠ–ಕನಿಷ್ಠ ಲೆಕ್ಕವನ್ನು ಬರೆದುಕೊಂಡು ಹೋಗಿ, ವೈದ್ಯರು ಮೊದಲು ಕೇಳುವುದು ಅದನ್ನೇ.